ಮಾವನ ಪ್ಲೇಸ್ಟೇಷನ್‌ನೊಳಗಿನ ಅರ್ಧ ಎಂಬಿ

ಪ್ರಶ್ನೆ: ನಮ್ಮ ಮಾವ 1999ರಲ್ಲಿ ಮಸ್ಕತ್‌ನಿಂದ ಒಂದು ಪ್ಲೇಸ್ಟೇಷನ್ ತಂದಿದ್ದರು. ಈಗಲೂ ಆನ್ ಆಗುತ್ತದೆ, ಆದರೆ ಸಿಡಿ ಓದುವುದಿಲ್ಲ. ಅಡಿಯಲ್ಲಿ ಎಸ್‌ಸಿಪಿಎಚ್-7502 ಎಂದು ಬರೆದಿದೆ. ಆ ಆಟಗಳನ್ನು ಮಗಳಿಗೆ ತೋರಿಸೋಣ ಎಂದು ಲ್ಯಾಪ್‌ಟಾಪ್‌ನಲ್ಲಿ ರೆಟ್ರೋಆರ್ಚ್ ಎಂಬ ಪ್ರೋಗ್ರಾಮ್ ಹಾಕಿದೆ. ಅದರಲ್ಲಿ ಬೀಟಲ್ ಪಿಎಸ್‌ಎಕ್ಸ್ ಎಂಬ ಎಮ್ಯುಲೇಟರ್ (ಹಳೆ ಯಂತ್ರದ ಹಾಗೆಯೇ ನಡೆದುಕೊಳ್ಳುವ ಪ್ರೋಗ್ರಾಮ್) ಆಯ್ಕೆ ಮಾಡಿ, ನನ್ನ ಹತ್ತಿರದ ಸಿಡಿಗಳನ್ನೇ ಕಾಪಿ ಮಾಡಿಕೊಂಡೆ. ಆಟ ಶುರುವಾಗಲಿಲ್ಲ, ಬಯೋಸ್ ಫೈಲ್ ಇಲ್ಲ ಎಂದು ಬಂತು. ಗೆಳೆಯರೊಬ್ಬರು 1001 ಎಂಬ ಬಯೋಸ್ ಫೈಲ್ ಕೊಟ್ಟರು. ಹಾಕಿದರೂ ಅದೇ ಕಥೆ. ಇನ್ನೊಂದು ಎಮ್ಯುಲೇಟರ್‌ನಲ್ಲಿ ಬಯೋಸ್ ಇಲ್ಲದೆಯೇ ಆಟ ಓಡಿತು, ಆದರೆ ಸೇವ್ ಆಗಲಿಲ್ಲ. ಈ ಬಯೋಸ್ ಅಂದರೆ ಏನು? ಒಂದಕ್ಕೆ ಬೇಕು, ಇನ್ನೊಂದಕ್ಕೆ ಬೇಡ, ಯಾಕೆ? ನೆಟ್‌ನಿಂದ ಇಳಿಸಿಕೊಂಡರೆ ತಪ್ಪಾ?
ಓದುಗರು, ಉಡುಪಿ

ಉತ್ತರ: ಮೊದಲು ಒಂದು ಮಾತು. ಸಿಡಿ ಓದುವುದಿಲ್ಲ ಎಂದು ಆ ಪ್ಲೇಸ್ಟೇಷನ್ ಅನ್ನು ಗುಜರಿಗೆ ಹಾಕಬೇಡಿ. ನೀವು ಹುಡುಕುತ್ತಿರುವ ಫೈಲ್ ಅದರ ಒಳಗೇ ಇದೆ. ಅದನ್ನು ಹೊರಗೆ ತೆಗೆಯಲು ಸಿಡಿ ಡ್ರೈವ್ ಬೇಕಾಗಿಲ್ಲ.

ಬಯೋಸ್ ಅಂದರೆ ಬೀಗದ ಕೈ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಫೈಲ್ ಇದ್ದರೆ ಬಾಗಿಲು ತೆರೆಯುತ್ತದೆ, ಆಮೇಲೆ ಅದರ ಕೆಲಸ ಮುಗಿಯಿತು ಎಂಬ ಲೆಕ್ಕ. ಅದು ಹಾಗಲ್ಲ. ಬಯೋಸ್ ಆ ಯಂತ್ರದ್ದೇ ಒಂದು ಭಾಗ. ಆಟ ನಡೆಯುವಷ್ಟು ಹೊತ್ತೂ ಅದಕ್ಕೆ ಕೆಲಸ ಇರುತ್ತದೆ. ಇದು ತಲೆಗೆ ಹೋದರೆ ನಿಮ್ಮ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೋನಿ ಕಂಪನಿಯ ಪ್ಲೇಸ್ಟೇಷನ್ 1994ರ ಡಿಸೆಂಬರ್ 3ರಂದು ಜಪಾನ್‌ನಲ್ಲಿ ಮಾರುಕಟ್ಟೆಗೆ ಬಂತು. ಅದರೊಳಗೆ 2 ಎಂಬಿ ರ‍್ಯಾಮ್, ಚಿತ್ರಕ್ಕೆ 1 ಎಂಬಿ, ಸದ್ದಿಗೆ 512 ಕೆಬಿ ಇದೆ. ಇವುಗಳ ಜೊತೆ ಇನ್ನೊಂದು ಚಿಪ್ ಇದೆ. ಅದರಲ್ಲಿ ಬರೆದದ್ದು ಕರೆಂಟ್ ಹೋದರೂ ಅಳಿಯುವುದಿಲ್ಲ. ಅದರ ಅಳತೆಯೂ 512 ಕೆಬಿ, ಅಂದರೆ ಸರಿಯಾಗಿ 5,24,288 ಬೈಟ್. ಈ ಚಿಪ್‌ನಲ್ಲಿ ಇರುವುದೇ ಬಯೋಸ್. ನಿಮ್ಮ ಎಮ್ಯುಲೇಟರ್ ಕೇಳುತ್ತಿರುವ ಫೈಲ್ ಈ ಚಿಪ್‌ನ ಅಕ್ಷರಶಃ ಪ್ರತಿ.

ಸ್ವಿಚ್ ಒತ್ತಿದ ಕೂಡಲೇ ಯಂತ್ರದ ಪ್ರೊಸೆಸರ್‌ಗೆ ಏನೂ ಗೊತ್ತಿರುವುದಿಲ್ಲ. ಒಂದು ವಿಳಾಸಕ್ಕೆ ಹೋಗಿ ಅಲ್ಲಿರುವುದನ್ನು ಓದಬೇಕು ಎಂಬುದಷ್ಟೇ ಗೊತ್ತು. ಆ ವಿಳಾಸದಲ್ಲಿ ಇರುವುದು ಬಯೋಸ್ ಚಿಪ್. ಬಯೋಸ್ ಮೊದಲು ಮೆಮೊರಿಯನ್ನು ಸಿದ್ಧ ಮಾಡುತ್ತದೆ. ತನ್ನದೊಂದು ಭಾಗವನ್ನು ರ‍್ಯಾಮ್‌ನ ಮೊದಲ 64 ಕೆಬಿಯಲ್ಲಿ ತಂದು ಕೂರಿಸುತ್ತದೆ. ಆಮೇಲೆ ಬಿಳಿ ಪರದೆ, ಕಿತ್ತಳೆ ಬಣ್ಣದ ಲಾಂಛನ, ಎದೆಗೆ ತಾಗುವ ಆ ದಪ್ಪ ಸದ್ದು. ಸಿಡಿ ಸರಿ ಇದ್ದರೆ ಕಪ್ಪು ಪರದೆಯ ಮೇಲೆ ಪಿಎಸ್ ಗುರುತು ಬರುತ್ತದೆ. ಸಿಡಿಯಲ್ಲಿ ಸಿಸ್ಟಮ್ ಡಾಟ್ ಸಿಎನ್‌ಎಫ್ ಎಂಬ ಪುಟ್ಟ ಫೈಲ್ ಇರುತ್ತದೆ. ಆಟದ ಮುಖ್ಯ ಫೈಲ್ ಯಾವುದು ಎಂದು ಅದರಲ್ಲಿ ಬರೆದಿರುತ್ತದೆ. ಬಯೋಸ್ ಅದನ್ನು ಓದಿ ಆಟವನ್ನು ಶುರು ಮಾಡುತ್ತದೆ.

ಆದರೆ ಅಲ್ಲಿಗೆ ಬಯೋಸ್ ಬಿಡುವು ಪಡೆಯುವುದಿಲ್ಲ. ಮದುವೆ ಅಡುಗೆಗೆ ಬರುವ ಭಟ್ಟರನ್ನು ನೆನಪಿಸಿಕೊಳ್ಳಿ. ಒಲೆ, ಹಂಡೆ, ಕಡಾಯಿ, ಜಾರುಸಟ್ಟುಗ ಎಲ್ಲ ಛತ್ರದ್ದೇ. ಭಟ್ಟರು ಮನೆಯಿಂದ ಹೊತ್ತು ತರುವುದಿಲ್ಲ. ಆಟ ಬರೆದವರೂ ಹಾಗೇ. ಸಿಡಿಯಿಂದ ಫೈಲ್ ತೆರೆಯುವುದು, ಮೆಮೊರಿ ಕಾರ್ಡ್‌ಗೆ ಬರೆಯುವುದು, ಕೈಯಲ್ಲಿರುವ ಕಂಟ್ರೋಲರ್ ಏನು ಹೇಳುತ್ತಿದೆ ಎಂದು ನೋಡುವುದು, ಕೊನೆಗೆ ಸುಮ್ನೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿದ ಹಾಗೆ ಆರಿಸುವುದು, ಇವಕ್ಕೆಲ್ಲ ಬಯೋಸ್‌ನಲ್ಲಿ ತಯಾರಾದ ಕೆಲಸಗಳಿವೆ. ಪ್ಲೇಸ್ಟೇಷನ್‌ನಲ್ಲಿ ಇವುಗಳನ್ನು ಮೂರು ಪಟ್ಟಿಗಳಾಗಿ ಜೋಡಿಸಿದ್ದಾರೆ. ಆಟವು ಯಾವ ಪಟ್ಟಿ, ಎಷ್ಟನೇ ಕೆಲಸ ಎಂದು ಹೇಳುತ್ತದೆ, ಬಯೋಸ್ ಮಾಡಿಕೊಡುತ್ತದೆ. ಜಪಾನಿ ಕಾಂಜಿ ಅಕ್ಷರಗಳ ಆಕಾರಗಳೂ ಆ ಅರ್ಧ ಎಂಬಿಯೊಳಗೇ ಇವೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಎಮ್ಯುಲೇಟರ್ ಬರೆಯುವವರ ಮುಂದೆ ಎರಡು ದಾರಿ ಇವೆ. ಒಂದು, ಪ್ಲೇಸ್ಟೇಷನ್‌ನ ಪ್ರೊಸೆಸರ್ ಮತ್ತು ಚಿಪ್‌ಗಳನ್ನು ಮಾತ್ರ ತಂತ್ರಾಂಶದಲ್ಲಿ ಕಟ್ಟುವುದು. ಅದರ ಮೇಲೆ ಅಸಲಿ ಬಯೋಸ್ ಅನ್ನೇ ಓಡಿಸುವುದು. ಬೀಟಲ್ ಪಿಎಸ್‌ಎಕ್ಸ್, ಡಕ್‌ಸ್ಟೇಷನ್ ಈ ದಾರಿಯವು. ಫೈಲ್ ಇಲ್ಲದಿದ್ದರೆ ಇವು ಮುಂದೆ ಹೋಗುವುದೇ ಇಲ್ಲ, ಯಾಕೆಂದರೆ ಯಂತ್ರದ ಒಂದು ಭಾಗವೇ ಇಲ್ಲದ ಹಾಗಾಯಿತು. ಇನ್ನೊಂದು ದಾರಿ, ಬಯೋಸ್ ಮಾಡುವ ಒಂದೊಂದು ಕೆಲಸವನ್ನೂ ತಾವೇ ಹೊಸದಾಗಿ ಬರೆಯುವುದು. ಪಿಸಿಎಸ್‌ಎಕ್ಸ್ ರೀಆರ್ಮ್ಡ್‌ನಲ್ಲಿ ಇಂಥ ಬದಲಿ ಬಯೋಸ್ ಒಳಗೇ ಇದೆ. ಅದಕ್ಕೇ ಅದು ಫೈಲ್ ಕೇಳದೆ ಆಟ ಓಡಿಸುತ್ತದೆ.

ಬದಲಿ ಬಯೋಸ್ ಒಳ್ಳೆಯ ಕೆಲಸ. ಅದರ ಹಿಂದಿನ ಶ್ರಮಕ್ಕೆ ನನಗೆ ತುಂಬಾ ಗೌರವ ಇದೆ. ಆದರೆ ಕಷ್ಟ ಎಲ್ಲಿ ಬರುತ್ತದೆ ಗೊತ್ತಾ? ಕೆಲಸ ಏನು ಎಂಬುದರ ಜೊತೆಗೆ ಅದು ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ, ಮುಗಿದಾಗ ಯಾವ ಸೂಚನೆ ಕೊಡುತ್ತದೆ, ಮೆಮೊರಿಯಲ್ಲಿ ಏನನ್ನು ಬಿಟ್ಟು ಹೋಗುತ್ತದೆ ಎಂಬುದನ್ನೂ ಕೆಲವು ಆಟಗಳು ನಂಬಿಕೊಂಡಿರುತ್ತವೆ. ಬೇರೆ ಛತ್ರದ ಹಂಡೆ ನೋಡಲು ಒಂದೇ ಥರ ಇರಬಹುದು. ಎರಡು ಸೇರು ಕಮ್ಮಿ ಹಿಡಿದರೆ ಪಾಯಸ ಉಕ್ಕುತ್ತದೆ. ಮೆಮೊರಿ ಕಾರ್ಡ್ ಇಂಥ ಸೂಕ್ಷ್ಮ ಜಾಗ. ಬರೆದು ಮುಗಿಯಿತು ಎಂಬ ಸೂಚನೆಗೆ ಆಟ ಕಾಯುತ್ತಾ ಕೂರುತ್ತದೆ. ಅದು ಆಟ ಬಯಸಿದ ರೀತಿಯಲ್ಲಿ ಬರದಿದ್ದರೆ ಸೇವ್ ಕೆಟ್ಟಿತು ಎಂದೇ ತಿಳಿಯುತ್ತದೆ. ನಿಮಗೆ ಆದದ್ದು ಬಹುಶಃ ಇದೇ. ಸೇವ್ ಮುಖ್ಯ ಎಂದಾದರೆ ಅಸಲಿ ಬಯೋಸ್ ಬಳಸಿ. ಇದು ನನ್ನ ಖಚಿತ ಸಲಹೆ.

ಗೆಳೆಯರು ಕೊಟ್ಟ ಫೈಲ್ ಯಾಕೆ ಕೆಲಸ ಮಾಡಲಿಲ್ಲ? ಎಸ್‌ಸಿಪಿಎಚ್-1001 ಅಮೆರಿಕದ ಮೊದಲ ಮಾದರಿಯ ಯಂತ್ರ. ನಿಮ್ಮದು 7502. ಅದು ಯುರೋಪಿನಂಥ, ಪಾಲ್ ಎಂಬ ಟಿವಿ ಪದ್ಧತಿ ಇರುವ ಪ್ರದೇಶದ್ದು, ಸೆಕೆಂಡಿಗೆ 50 ಸಲ ಚಿತ್ರ ಬದಲಿಸುವ ಟಿವಿಗಳಿಗೆ ಮಾಡಿದ್ದು. ನಿಮ್ಮ ಸಿಡಿಗಳೂ ಅಲ್ಲಿನವೇ ಇರಬೇಕು. ಸಿಡಿಯ ಮೇಲಿನ ಸಂಖ್ಯೆ ನೋಡಿ. ಎಸ್‌ಎಲ್‌ಇಎಸ್ ಅಥವಾ ಎಸ್‌ಸಿಇಎಸ್ ಎಂದು ಶುರುವಾದರೆ ಯುರೋಪಿನದು, ಎಸ್‌ಎಲ್‌ಯುಎಸ್ ಆದರೆ ಅಮೆರಿಕದ್ದು, ಎಸ್‌ಎಲ್‌ಪಿಎಸ್ ಆದರೆ ಜಪಾನಿನದು. ಬೀಟಲ್ ಪಿಎಸ್‌ಎಕ್ಸ್ ಮೊದಲು ಸಿಡಿ ಯಾವ ಕಡೆಯದು ಎಂದು ನೋಡುತ್ತದೆ. ಜಪಾನಿಗೆ 5500, ಅಮೆರಿಕಕ್ಕೆ 5501, ಯುರೋಪಿಗೆ 5502 ಎಂಬ ಹೆಸರಿನ ಫೈಲನ್ನೇ ಹುಡುಕುತ್ತದೆ. 1001 ಆ ಮೂರರಲ್ಲಿ ಇಲ್ಲ. ಇನ್ನೊಂದು ವಿಷಯ, ಫೈಲ್ ಇರಬೇಕಾದ ಜಾಗ ರೆಟ್ರೋಆರ್ಚ್‌ನ ಸಿಸ್ಟಮ್ ಫೋಲ್ಡರ್. ಆಟದ ಫೋಲ್ಡರ್‌ನಲ್ಲಿ ಇಟ್ಟರೆ ಕಾಣುವುದಿಲ್ಲ. ಲಿನಕ್ಸ್ ಬಳಸುವವರಾದರೆ ಹೆಸರನ್ನು ಸಣ್ಣ ಅಕ್ಷರದಲ್ಲೇ ಬರೆಯಿರಿ.

ಡಕ್‌ಸ್ಟೇಷನ್ ಈ ವಿಷಯದಲ್ಲಿ ಹೆಚ್ಚು ಅನುಕೂಲ. ಅದು ಹೆಸರು ನೋಡುವುದಿಲ್ಲ, ಫೈಲ್‌ನ ಒಳಗನ್ನು ನೋಡಿ ಇದು ಯಾವ ಯಂತ್ರದ್ದು ಎಂದು ಗುರುತಿಸುತ್ತದೆ. ನಿಮ್ಮ 7502ರ ಬಯೋಸ್ 4.1ನೇ ಆವೃತ್ತಿ, ಅದರಲ್ಲಿರುವ ದಿನಾಂಕ 1997ರ ಡಿಸೆಂಬರ್ 16. ಡಕ್‌ಸ್ಟೇಷನ್ ಅದನ್ನು ಹಾಗೇ ಒಪ್ಪುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಬಳಸುತ್ತಿದ್ದೆ.

ಹಾಗಾದರೆ ಆ ಪೆಟ್ಟಿಗೆಯಿಂದ ಫೈಲ್ ತೆಗೆಯುವುದು ಹೇಗೆ? ಇದಕ್ಕೆ ಡಂಪ್ ಮಾಡುವುದು ಎನ್ನುತ್ತಾರೆ. ಸಿಡಿ ಡ್ರೈವ್ ಸತ್ತಿದ್ದರೂ ಪರವಾಗಿಲ್ಲ, ಯಾಕೆಂದರೆ 2021ರಲ್ಲಿ ಫ್ರೀಪಿಎಸ್‌ಎಕ್ಸ್‌ಬೂಟ್ ಎಂಬ ಒಂದು ಅದ್ಭುತ ಉಪಾಯ ಬಂತು. ಬಯೋಸ್ ಮೆಮೊರಿ ಕಾರ್ಡ್‌ನ ಪಟ್ಟಿಯನ್ನು ಓದುವಾಗ ಅಲ್ಲಿರುವ ಕೆಲವು ಅಂಕಿಗಳನ್ನು ಸರಿಯಾಗಿ ಪರೀಕ್ಷೆ ಮಾಡುವುದಿಲ್ಲ. ಬೇಕೆಂದೇ ವಿಚಿತ್ರ ಅಂಕಿಗಳನ್ನು ಬರೆದ ಕಾರ್ಡ್ ಹಾಕಿದರೆ, ಬಯೋಸ್ ದಾರಿ ತಪ್ಪಿ ಕಾರ್ಡ್‌ನಲ್ಲಿರುವ ಪ್ರೋಗ್ರಾಮನ್ನೇ ಓಡಿಸಲು ಶುರು ಮಾಡುತ್ತದೆ. ಸಿಡಿ ಇಲ್ಲದೆ ಆನ್ ಮಾಡಿ, ಮೆಮೊರಿ ಕಾರ್ಡ್ ಪುಟಕ್ಕೆ ಹೋದರೆ ಸಾಕು. ಇಷ್ಟು ವರ್ಷಗಳ ಮೇಲೆ, ಕಂಪನಿ ಮರೆತ ಯಂತ್ರದಲ್ಲಿ ಹವ್ಯಾಸಿಗಳು ಇದನ್ನು ಹುಡುಕಿ ತೆಗೆದರು ಎಂಬುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಬೇಕಾಗುವುದು ಇಷ್ಟು. ಒಂದು ಖಾಲಿ ಮೆಮೊರಿ ಕಾರ್ಡ್. ಅದಕ್ಕೆ ಕಂಪ್ಯೂಟರ್‌ನಿಂದ ಬರೆಯಲು ಆರ್ಡುಯಿನೋ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡ್ ಮತ್ತು ಮೆಮ್‌ಕಾರ್ಡುಯಿನೋ ಎಂಬ ಉಚಿತ ಪ್ರೋಗ್ರಾಮ್. ಆಮೇಲೆ ಯಂತ್ರದ ಹಿಂದಿರುವ ಸೀರಿಯಲ್ ಪೋರ್ಟ್‌ಗೆ ಒಂದು ಕೇಬಲ್, ಅದರ ಇನ್ನೊಂದು ತುದಿಗೆ ಯುಎಸ್‌ಬಿ ಸೀರಿಯಲ್ ಅಡಾಪ್ಟರ್. ಅಡಾಪ್ಟರ್ 3.3 ವೋಲ್ಟ್‌ನದೇ ಇರಲಿ. 5 ವೋಲ್ಟ್‌ನದು ಹಾಕಬೇಡಿ, ಚಿಪ್‌ಗೆ ಪೆಟ್ಟು ಬೀಳಬಹುದು. ಈ ಬೋರ್ಡ್, ಅಡಾಪ್ಟರ್‌ಗಳು ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಸಿಗುತ್ತವೆ, ಆನ್‌ಲೈನ್‌ನಲ್ಲೂ ಸಿಗುತ್ತವೆ. ಬೆಸುಗೆ ಹಾಕಿ ಗೊತ್ತಿಲ್ಲದಿದ್ದರೆ ಊರಿನ ಟಿವಿ ರಿಪೇರಿಯವರ ಹತ್ತಿರ ಕೇಬಲ್ ಮಾಡಿಸಿಕೊಳ್ಳಿ. ನಾಲ್ಕು ತಂತಿಯ ಕೆಲಸ, ಜಾಸ್ತಿ ಇಲ್ಲ.

ಕಾರ್ಡ್‌ಗೆ ಫ್ರೀಪಿಎಸ್‌ಎಕ್ಸ್‌ಬೂಟ್‌ನ, ಯೂನಿರೋಮ್ ಎಂಬ ಪ್ರೋಗ್ರಾಮ್ ಇರುವ ಆವೃತ್ತಿಯನ್ನು ಹಾಕಿ. ನಿಮ್ಮ ಬಯೋಸ್ ಆವೃತ್ತಿಗೆ ಹೊಂದುವ ಕಾರ್ಡ್ ಫೈಲನ್ನೇ ಆರಿಸಬೇಕು. ಬೇರೆಯದು ಹಾಕಿದರೆ ಯಂತ್ರ ಹ್ಯಾಂಗ್ ಆಗುತ್ತದೆ. ಹಾಳೇನೂ ಆಗುವುದಿಲ್ಲ, ಆಫ್ ಮಾಡಿ ಆನ್ ಮಾಡಿದರೆ ಆಯಿತು. ಯೂನಿರೋಮ್ ಪರದೆ ಬಂದ ಮೇಲೆ ಕಂಪ್ಯೂಟರ್‌ನಲ್ಲಿ ನೋಪ್ಸ್ ಎಂಬ ಜೊತೆ ಪ್ರೋಗ್ರಾಮಿಗೆ ಬಯೋಸ್‌ನ ವಿಳಾಸ ಮತ್ತು ಅಳತೆ ಹೇಳಿದರೆ ಅದು ಪೂರ್ತಿ ಎಳೆದುಕೊಳ್ಳುತ್ತದೆ. ಸೆಕೆಂಡಿಗೆ 1,15,200 ಬಿಟ್ ವೇಗದಲ್ಲಿ ಅರ್ಧ ಎಂಬಿಗೆ ಸುಮಾರು ಮುಕ್ಕಾಲು ನಿಮಿಷ ಸಾಕು. ಒಂದು ಮಾತು ನೆನಪಿಡಿ, ಸೀರಿಯಲ್ ಪೋರ್ಟ್ ನಿಮ್ಮ 7502ರಲ್ಲಿ ಇದೆ. ಆಮೇಲೆ ಬಂದ ಪುಟ್ಟ ಬಿಳಿ ಪಿಎಸ್ ಒನ್‌ನಲ್ಲಿ ಅದನ್ನು ತೆಗೆದುಬಿಟ್ಟರು. ಅದು ಇರುವವರಿಗೆ ಈ ದಾರಿ ಹೀಗೇ ಹೊಂದುವುದಿಲ್ಲ.

ದಯವಿಟ್ಟು ಮಾವನ ಹಳೆಯ ಮೆಮೊರಿ ಕಾರ್ಡ್ ಅನ್ನು ಈ ಕೆಲಸಕ್ಕೆ ಬಳಸಬೇಡಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬದಲಿಗೆ ಅದೇ ಆರ್ಡುಯಿನೋದಿಂದ ಆ ಕಾರ್ಡ್ ಅನ್ನು ಮೊದಲು ಓದಿ ಇಟ್ಟುಕೊಳ್ಳಿ. ಒಂದು ಕಾರ್ಡ್ ಅಂದರೆ 128 ಕೆಬಿ. ಆ ಫೈಲನ್ನು ಎಮ್ಯುಲೇಟರ್‌ಗೆ ಕೊಟ್ಟರೆ 1999ರಲ್ಲಿ ನಿಮ್ಮ ಮನೆಯವರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಆಟ ಮುಂದುವರಿಸಬಹುದು. ಬಯೋಸ್‌ಗಿಂತ ಇದೇ ದೊಡ್ಡ ಆಸ್ತಿ ಎಂದು ನನಗೆ ಅನಿಸುತ್ತದೆ. ಬಯೋಸ್ ಲಕ್ಷಾಂತರ ಯಂತ್ರಗಳಲ್ಲಿ ಇದೆ, ನಿಮ್ಮ ಸೇವ್ ಆ ಒಂದು ಕಾರ್ಡ್‌ನಲ್ಲಿ ಮಾತ್ರ ಇದೆ.

ಫೈಲ್ ಬಂದ ಮೇಲೆ ಪರೀಕ್ಷೆ ಮಾಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಶುರುವಿನ ದಿನಗಳಲ್ಲಿ ನಾನೂ ಯಾರೋ ಕೊಟ್ಟ ಬಯೋಸ್ ಬಳಸುತ್ತಿದ್ದೆ. ಅಳತೆ ಸರಿ ಇತ್ತು, ಲಾಂಛನ ಬರುತ್ತಿತ್ತು, ಆಟವೂ ಓಡುತ್ತಿತ್ತು. ಆದರೆ ಒಂದು ಆಟ ಮಾತ್ರ ಕಾರ್ಡ್ ಓದುವಾಗ ನಿಂತುಹೋಗುತ್ತಿತ್ತು. ಎರಡು ವಾರ ಎಮ್ಯುಲೇಟರ್‌ನ ಎಲ್ಲಾ ಸೆಟ್ಟಿಂಗ್ ತಿರುಗಿಸಿದೆ. ಕೊನೆಗೆ ಫೈಲ್‌ನ ಎಂಡಿ5 ತೆಗೆದು ಹೋಲಿಸಿದಾಗ ಬೇರೆಯೇ ಬಂತು. ಒಳಗೆ ಎಲ್ಲೋ ಕೆಲವು ಬೈಟ್ ತಪ್ಪಾಗಿದ್ದವು. ಎಂಡಿ5 ಅಂದರೆ ಫೈಲ್‌ನ ಬೆರಳಚ್ಚು, 32 ಅಕ್ಷರದ ಒಂದು ಸಾಲು. ಒಂದೇ ಬೈಟ್ ಬದಲಾದರೂ ಇಡೀ ಸಾಲು ಬದಲಾಗುತ್ತದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಲಿನಕ್ಸ್‌ನಲ್ಲಿ ಎಂಡಿ5ಸಮ್ ಇದನ್ನು ತೆಗೆದುಕೊಡುತ್ತವೆ. ಎಮ್ಯುಲೇಟರ್‌ಗಳ ಕೈಪಿಡಿಯಲ್ಲಿ ಸರಿಯಾದ ಸಾಲು ಕೊಟ್ಟಿರುತ್ತಾರೆ. ಇಲ್ಲವೇ ಎರಡು ಸಲ ಡಂಪ್ ಮಾಡಿ ಎರಡೂ ಒಂದೇ ಇವೆಯಾ ಎಂದು ನೋಡಿ. ಡಕ್‌ಸ್ಟೇಷನ್ ಫೈಲನ್ನು ಇಂಥ ಯಂತ್ರದ್ದು ಎಂದು ಗುರುತಿಸಿದರೆ ಅದೂ ಒಳ್ಳೆಯ ಸಾಕ್ಷಿ.

ಈಗ ತಪ್ಪಾ ಸರಿಯಾ ಎಂಬ ಪ್ರಶ್ನೆ. ಇದನ್ನು ನೀವು ಕೇಳಿದ್ದು ನನಗೆ ತುಂಬಾ ಇಷ್ಟವಾಯಿತು. ಬಯೋಸ್ ಒಂದು ಪ್ರೋಗ್ರಾಮ್. ಅದರ ಹಕ್ಕು ಸೋನಿಯದು. ಅದನ್ನು ನೆಟ್‌ನಲ್ಲಿ ಹಾಕಿ ಹಂಚಲು ಬೇರೆಯವರಿಗೆ ಹಕ್ಕಿಲ್ಲ. ನಿಮ್ಮ ಹತ್ತಿರ ಅದೇ ಮಾದರಿಯ ಯಂತ್ರ ಇದೆ ಎಂಬ ಕಾರಣಕ್ಕೆ ಆ ಹಂಚಿಕೆ ಸರಿಯಾಗುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಪ್ರೋಗ್ರಾಮ್‌ಗಳಿಗೆ ಕೆಲವು ವಿನಾಯಿತಿಗಳಿವೆ. ನ್ಯಾಯವಾಗಿ ಕೈಯಲ್ಲಿರುವ ಪ್ರೋಗ್ರಾಮ್ ಹಾಳಾಗಬಹುದು, ಕಳೆದುಹೋಗಬಹುದು ಎಂದು ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು. ತಾನೇ ನ್ಯಾಯವಾಗಿ ಪಡೆದ ಪ್ರತಿಯಿಂದ ವ್ಯಾಪಾರಕ್ಕಲ್ಲದ ಸ್ವಂತ ಬಳಕೆಗೆ ಪ್ರತಿ ತೆಗೆಯಬಹುದು. ಎರಡೂ ಕಡೆ ಮೂಲ ನಿಮ್ಮ ಕೈಯಲ್ಲೇ ಇರಬೇಕು ಎಂಬುದನ್ನು ಗಮನಿಸಿ. ನಾನು ವಕೀಲನಲ್ಲ, ಇದು ಎಂಜಿನಿಯರ್ ಒಬ್ಬನ ಓದು. ಆದರೂ ಮನೆಯ ಯಂತ್ರದಿಂದ ತೆಗೆದ ಫೈಲ್ ಮತ್ತು ಯಾರೋ ಹಂಚಿದ ಫೈಲ್ ನನ್ನ ಕಣ್ಣಿಗೆ ಒಂದೇ ಅಲ್ಲ. ಜೊತೆಗೆ ಸುರಕ್ಷತೆಯ ಮಾತೂ ಇದೆ. ಬಯೋಸ್ ಎಂದು ಹೇಳಿ ಇನ್‌ಸ್ಟಾಲ್ ಮಾಡಿ ಎನ್ನುವ ಫೈಲ್ ಬಂದರೆ ಮುಟ್ಟಬೇಡಿ. ಬಯೋಸ್ ಅನ್ನು ಯಾರೂ ಇನ್‌ಸ್ಟಾಲ್ ಮಾಡುವುದಿಲ್ಲ.

ಬದಲಿ ಬಯೋಸ್ ಬರೆಯುವುದು ಕಾನೂನಿಗೆ ವಿರುದ್ಧವೇ ಎಂಬ ಜಗಳ ಅಮೆರಿಕದಲ್ಲಿ ನಡೆದುಹೋಗಿದೆ. 1999ರಲ್ಲಿ ಕನೆಕ್ಟಿಕ್ಸ್ ಎಂಬ ಕಂಪನಿ ಮ್ಯಾಕ್ ಕಂಪ್ಯೂಟರ್‌ಗಳಿಗೆ ವರ್ಚುವಲ್ ಗೇಮ್ ಸ್ಟೇಷನ್ ಎಂಬ ಎಮ್ಯುಲೇಟರ್ ತಂದಿತು. ಅವರ ಎಂಜಿನಿಯರ್‌ಗಳು ಒಂದು ಪ್ಲೇಸ್ಟೇಷನ್ ಕೊಂಡು, ಅದರ ಬಯೋಸ್ ಹೊರತೆಗೆದು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಅಭ್ಯಾಸ ಮಾಡಿ, ಆಮೇಲೆ ತಮ್ಮದೇ ಬಯೋಸ್ ಬರೆದರು. ಮಾರಿದ ಪೆಟ್ಟಿಗೆಯಲ್ಲಿ ಸೋನಿಯ ಬಯೋಸ್ ಇರಲಿಲ್ಲ. ಅಭ್ಯಾಸಕ್ಕೆ ಪ್ರತಿ ಮಾಡಿದ್ದೇ ತಪ್ಪು ಎಂದು ಸೋನಿ ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟ್ ಸೋನಿ ಪರ ನಿಂತಿತು. 2000ದ ಫೆಬ್ರವರಿಯಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಅದನ್ನು ತಿರುಗಿಸಿತು. ಒಳಗಿನ ಕೆಲಸ ತಿಳಿಯಲು ಬೇರೆ ದಾರಿ ಇಲ್ಲದಿದ್ದಾಗ ಹಾಗೆ ಪ್ರತಿ ಮಾಡುವುದು ನ್ಯಾಯವಾದ ಬಳಕೆ ಎಂದಿತು. ಮರುವರ್ಷ ಸೋನಿ ಆ ಎಮ್ಯುಲೇಟರ್ ಅನ್ನೇ ಕೊಂಡು ನಿಲ್ಲಿಸಿತು. ಆದರೆ ತೀರ್ಪು ಉಳಿಯಿತು. 2018ರ ಡಿಸೆಂಬರ್ 3ರಂದು ಸೋನಿಯೇ ಬಿಡುಗಡೆ ಮಾಡಿದ ಪ್ಲೇಸ್ಟೇಷನ್ ಕ್ಲಾಸಿಕ್ ಒಳಗೆ ಓಡುತ್ತಿದ್ದದ್ದು ಯಾವುದು ಗೊತ್ತಾ? ನಾನು ಮೇಲೆ ಹೇಳಿದ ಪಿಸಿಎಸ್‌ಎಕ್ಸ್ ರೀಆರ್ಮ್ಡ್. ಹವ್ಯಾಸಿಗಳು ವರ್ಷಗಟ್ಟಲೆ ಕೂತು ಬರೆದ ಕೋಡ್‌ಗೆ ಅದಕ್ಕಿಂತ ದೊಡ್ಡ ಮನ್ನಣೆ ಬೇಕಾ?

ಮಗಳಿಗೆ ಬೇರೆ ಹಳೆ ಯಂತ್ರಗಳನ್ನೂ ತೋರಿಸುವ ಆಸೆ ನಿಮಗೆ ಬಂದೇ ಬರುತ್ತದೆ. ಹಾಗಾಗಿ ಅವುಗಳ ಬಗ್ಗೆ ನಾಲ್ಕು ಮಾತು. ನಮ್ಮಲ್ಲಿ ಬಹಳ ಮನೆಗಳಲ್ಲಿದ್ದ ಕ್ಯಾಸೆಟ್ ಹಾಕುವ ಟಿವಿ ಗೇಮ್ ಜಪಾನಿನ ಫ್ಯಾಮಿಕಾಮ್‌ನ ನಕಲು. ಅದಕ್ಕೆ ಬಯೋಸ್ ಇಲ್ಲವೇ ಇಲ್ಲ. ಆನ್ ಆದ ಕೂಡಲೇ ಪ್ರೊಸೆಸರ್ ನೇರವಾಗಿ ಕ್ಯಾಸೆಟ್‌ನಿಂದಲೇ ಓದಲು ಶುರು ಮಾಡುತ್ತದೆ. ಅದಕ್ಕೇ ಆ ಆಟಗಳ ಎಮ್ಯುಲೇಟರ್‌ಗಳು ಏನೂ ಕೇಳುವುದಿಲ್ಲ. ಪ್ಲೇಸ್ಟೇಷನ್ 2ರ ಬಯೋಸ್ 4 ಎಂಬಿ. ಅದರ ಎಮ್ಯುಲೇಟರ್ ಪಿಸಿಎಸ್‌ಎಕ್ಸ್2 ಅದನ್ನು ಕೇಳಿಯೇ ಕೇಳುತ್ತದೆ, ಅಲ್ಲೂ ನಿಮ್ಮದೇ ಯಂತ್ರದಿಂದ ತೆಗೆಯಬೇಕು. ಪ್ಲೇಸ್ಟೇಷನ್ 3 ಮಾತ್ರ ಸುಲಭ. ಅದರ ಫರ್ಮ್‌ವೇರ್ (ಯಂತ್ರದ ಒಳಗಿನ ಮೂಲ ಪ್ರೋಗ್ರಾಮ್) ಅಪ್‌ಡೇಟ್ ಅನ್ನು ಸೋನಿ ತನ್ನ ಜಾಲತಾಣದಲ್ಲೇ ಕೊಡುತ್ತದೆ. ಪ್ಲೇಸ್ಟೇಷನ್ 3ರ ಎಮ್ಯುಲೇಟರ್ ಆರ್‌ಪಿಸಿಎಸ್3 ಅದನ್ನೇ ಬಳಸುತ್ತದೆ.

ನನಗೆ ಎಲ್ಲಕ್ಕಿಂತ ಪ್ರೀತಿಯದ್ದು 1989ರ ಗೇಮ್ ಬಾಯ್, ನಿಂಟೆಂಡೋ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಯಂತ್ರ. ಆನ್ ಆದ ಕೂಡಲೇ ಓಡುವ ಅದರ ಬೂಟ್ ಪ್ರೋಗ್ರಾಮ್ ಬರೀ 256 ಬೈಟ್. ನಿಮ್ಮ ಪ್ರಶ್ನೆಯ ಮೊದಲ ಒಂದೆರಡು ಸಾಲುಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸಿದರೂ ಅದಕ್ಕಿಂತ ಜಾಸ್ತಿ ಜಾಗ ಬೇಕು. ಅಷ್ಟರಲ್ಲೇ ಅದು ನಿಂಟೆಂಡೋ ಹೆಸರನ್ನು ಮೇಲಿನಿಂದ ಇಳಿಸುತ್ತದೆ, ಟಿಂಗ್ ಎನ್ನುತ್ತದೆ. ಆ ಹೆಸರಿನ ಚಿತ್ರವನ್ನು ಕ್ಯಾಸೆಟ್‌ನಿಂದಲೇ ಓದಿ ತೋರಿಸುತ್ತದೆ. ಆಮೇಲೆ ಅದೇ 48 ಬೈಟ್‌ಗಳನ್ನು ತನ್ನೊಳಗಿನ ಪ್ರತಿಯ ಜೊತೆ ಹೋಲಿಸುತ್ತದೆ. ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. ಕ್ಯಾಸೆಟ್ ಹಾಕದೆ ಆನ್ ಮಾಡಿದಾಗ ಹೆಸರಿನ ಜಾಗದಲ್ಲಿ ಕಪ್ಪು ಪಟ್ಟಿ ಇಳಿಯುವುದು ಇದೇ ಕಾರಣಕ್ಕೆ. ಎಲ್ಲ ಸರಿ ಇದ್ದರೆ ಬೂಟ್ ಪ್ರೋಗ್ರಾಮ್ ತನ್ನನ್ನು ತಾನೇ ಮರೆಮಾಡಿಕೊಂಡು ಆಟಕ್ಕೆ ಜಾಗ ಬಿಡುತ್ತದೆ. ಹಾಗೆ ಮರೆಯಾದದ್ದನ್ನು ಆಟದ ಮೂಲಕ ಓದಲು ಸಾಧ್ಯವೇ ಇಲ್ಲ. ಅದಕ್ಕೇ 2003ರವರೆಗೆ ಅದು ಯಾರ ಕೈಗೂ ಸಿಕ್ಕಿರಲಿಲ್ಲ. ಆ ವರ್ಷ ಒಬ್ಬ ಹವ್ಯಾಸಿ ಚಿಪ್‌ನ ಮೇಲ್ಪದರ ತೆಗೆದು, ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಬಿಟ್ ನೋಡಿ ಬರೆದುಕೊಂಡರು. 2,048 ಬಿಟ್, ಕಣ್ಣಲ್ಲಿ ನೋಡಿ. ಇದನ್ನು ಹೇಳುವಾಗೆಲ್ಲ ನನಗೆ ಮೈ ಜುಮ್ ಎನ್ನುತ್ತದೆ.

ನಿಮ್ಮ ಕೆಲಸಕ್ಕೆ ಅಷ್ಟು ಕಷ್ಟ ಇಲ್ಲ. ಡಂಪ್ ಮಾಡಿ, ಎಂಡಿ5 ನೋಡಿ, ಡಕ್‌ಸ್ಟೇಷನ್‌ನ ಬಯೋಸ್ ಫೋಲ್ಡರ್‌ಗೆ ಹಾಕಿ. ಮೊದಲ ಸಲ ಆಟ ಕೊಡದೆ ಬಯೋಸ್ ಮಾತ್ರ ಶುರು ಮಾಡಿ. ಮಾವನ ಟಿವಿಯಲ್ಲಿ ಬರುತ್ತಿದ್ದ ಮೆಮೊರಿ ಕಾರ್ಡ್ ಪುಟ ಲ್ಯಾಪ್‌ಟಾಪ್‌ನಲ್ಲಿ ಬಂದರೆ ಎಲ್ಲ ಸರಿ ಇದೆ ಎಂದರ್ಥ. ಆಮೇಲೆ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಬೂಟ್ ಎಂಬುದು ಆನ್ ಇದ್ದರೆ ಆಫ್ ಮಾಡಿ. ಅದು ಶುರುವಿನ ಲಾಂಛನ, ಸದ್ದು ಎರಡನ್ನೂ ಹಾರಿಸಿ ನೇರ ಆಟಕ್ಕೆ ಹೋಗುತ್ತದೆ. ಮಗಳು ಆ ಸದ್ದಿನಿಂದಲೇ ಶುರು ಮಾಡಲಿ, ಮಾವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.